ಅರ್ಧ ಮಿಲಿಮೀಟರಿನ ಜಗಳ: ಮನೆಯಲ್ಲೇ ಗಿಟಾರ್ ರಿಪೇರಿ ಕಲಿಯುವುದು

ನಾನು ಕೆಡಿಸಿದ ಮೊದಲ ಗಿಟಾರ್ ನನ್ನದೇ. ಆಗಸ್ಟ್ ತಿಂಗಳು, ಪುತ್ತೂರಿನ ಮನೆ, ಹೊರಗೆ ಬಿಟ್ಟೂ ಬಿಡದ ಮಳೆ. ಎರಡು ಮೂರು ವಾರದಿಂದ ತಂತಿ ಒತ್ತುವುದೇ ಕಷ್ಟವಾಗಿತ್ತು. ಬೆರಳ ತುದಿ ಉರಿಯುತ್ತಿತ್ತು. ತಂತಿಗಳು ಎತ್ತರ ಆಗಿವೆ, ಇಳಿಸಬೇಕು ಅನ್ನುವಷ್ಟು ತಿಳಿವಳಿಕೆ ನನಗಿತ್ತು. ಗಿಟಾರಿನ ಹೊಟ್ಟೆಯ ಮೇಲೆ ತಂತಿಗಳನ್ನು ಹೊತ್ತು ನಿಲ್ಲುವ ಬಿಳಿ ಪಟ್ಟಿ ಇರುತ್ತದಲ್ಲ, ಸ್ಯಾಡಲ್, ಅದನ್ನು ಎಳೆದು ತೆಗೆದೆ. ಸ್ಯಾಂಡ್ ಪೇಪರ್ ಮೇಲೆ ಚೆನ್ನಾಗಿ ತಿಕ್ಕಿದೆ. ವಾಪಸ್ ಕೂರಿಸಿದೆ. ಗಿಟಾರ್ ಬೆಣ್ಣೆಯ ಹಾಗಾಯಿತು. ಇಷ್ಟು ಸುಲಭದ ಕೆಲಸಕ್ಕೆ ಅಂಗಡಿಯವರು ದುಡ್ಡು ಯಾಕೆ ಕೇಳುತ್ತಾರೋ ಅಂದುಕೊಂಡೆ.

ಮುಂದಿನ ಮಾರ್ಚ್‌ನಲ್ಲಿ ಉತ್ತರ ಸಿಕ್ಕಿತು. ಅಷ್ಟರಲ್ಲಿ ಗಿಟಾರ್ ನನ್ನ ಜೊತೆ ಬೆಂಗಳೂರಿನ ಬಾಡಿಗೆ ಮನೆಗೆ ಬಂದಿತ್ತು. ಯಾವ ತಂತಿ ಮೀಟಿದರೂ ಝರ್ರ್ ಅನ್ನುತ್ತಿತ್ತು, ಬೆಂಕಿಪೊಟ್ಟಣದಲ್ಲಿ ಸಿಕ್ಕಿಬಿದ್ದ ದುಂಬಿಯ ಹಾಗೆ. ತಂತಿಗಳು ಗಿಟಾರಿನ ಉದ್ದ ಕುತ್ತಿಗೆಯ (ನೆಕ್) ಮೇಲಿನ ಅಡ್ಡ ಲೋಹದ ಪಟ್ಟಿಗಳಿಗೆ, ಅಂದರೆ ಫ್ರೆಟ್‌ಗಳಿಗೆ, ಬಡಿಯುತ್ತಿದ್ದವು. ಸ್ಯಾಡಲ್ ಮೂಳೆಯದು, ತಿಕ್ಕಿ ಕಳೆದ ಪುಡಿಯನ್ನು ವಾಪಸ್ ಅಂಟಿಸಲು ಬರುವುದಿಲ್ಲ.

ಆಗಸ್ಟ್‌ನಲ್ಲಿ ಸ್ಯಾಡಲ್‌ನದ್ದೇನೂ ತಪ್ಪಿರಲಿಲ್ಲ. ಮಳೆಗಾಲದ ತೇವ ಕುಡಿದು ಗಿಟಾರಿನ ಮುಖದ ಹಲಗೆ ಉಬ್ಬಿತ್ತು. ಉಬ್ಬಿದ ಹಲಗೆ ಸ್ಯಾಡಲನ್ನೂ ಎತ್ತಿತ್ತು, ಸ್ಯಾಡಲ್ ತಂತಿಗಳನ್ನು ಎತ್ತಿತ್ತು. ನಾನು ಹವಾಮಾನವನ್ನು ಸ್ಯಾಂಡ್ ಪೇಪರ್‌ನಲ್ಲಿ ತಿಕ್ಕಿ ಸರಿ ಮಾಡಲು ಹೊರಟಿದ್ದೆ!

ಗಿಟಾರ್ ರಿಪೇರಿ ಅಂದರೆ ಉಳಿ, ಅರ, ಅಂಟು ಅಂತ ನಾವು ಅಂದುಕೊಳ್ಳುತ್ತೇವೆ. ಅವೆಲ್ಲ ಆಮೇಲಿನ ಮಾತು. ಮೊದಲು ಕಲಿಯಬೇಕಾದದ್ದು ಯಾವುದನ್ನು ಯಾವುದರ ನಂತರ ಮುಟ್ಟಬೇಕು ಅನ್ನುವ ಕ್ರಮ. ವಾಪಸ್ ತರಬಹುದಾದ ಕೆಲಸ ಮೊದಲು, ವಾಪಸ್ ಬಾರದ ಕೆಲಸ ಕೊನೆಗೆ. ಈ ಲೇಖನವೂ ಅದೇ ಕ್ರಮದಲ್ಲಿ ಹೋಗುತ್ತದೆ. ಸ್ಟೀಲ್ ತಂತಿಯ ಅಕೌಸ್ಟಿಕ್ ಗಿಟಾರನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ನಮ್ಮಲ್ಲಿ ಹೆಚ್ಚಿನ ಮನೆಗಳ ಕಪಾಟಿನ ಮೇಲೆ ಧೂಳು ತಿನ್ನುತ್ತಿರುವುದು ಅದೇ ಅಲ್ವಾ?

ಮಳೆಗಾಲದ ಬಾಗಿಲು

ಹಳೆಯ ಮನೆಗಳಲ್ಲಿ ಜುಲೈ ಬಂತೆಂದರೆ ಬಾಗಿಲು ಹಾಕಲು ಹೆಗಲು ಕೊಡಬೇಕು. ಬಡಗಿಯನ್ನು ಕರೆದರೆ, 'ಮಳೆ ಹೋಗಲಿ ಮಾರಾಯ್ರೆ, ಈಗ ಕೆತ್ತಿದ್ರೆ ಬೇಸಿಗೆಯಲ್ಲಿ ಸಂದಿ ಬೀಳ್ತದೆ' ಅನ್ನುತ್ತಾನೆ. ಗಿಟಾರಿನ ಬಗ್ಗೆ ತಿಳಿಯಬೇಕಾದ ಅರ್ಧ ವಿಷಯ ಆ ಮಾತಿನಲ್ಲೇ ಇದೆ.

ಮರ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ತೇವ ಬಿಟ್ಟು ಕುಗ್ಗುತ್ತದೆ. ಆದರೆ ಎಲ್ಲ ದಿಕ್ಕಿಗೂ ಸಮ ಅಲ್ಲ. ನಾರಿನ ಉದ್ದಕ್ಕೆ ಬಹುತೇಕ ಬದಲಾಗುವುದೇ ಇಲ್ಲ. ನಾರಿಗೆ ಅಡ್ಡಲಾಗಿ ಅಗಲ ಆಗುತ್ತದೆ, ಇಲ್ಲವೇ ಕಿರಿದಾಗುತ್ತದೆ. ಗಿಟಾರಿನ ಮುಖದ ಹಲಗೆ ಎರಡೂವರೆಯಿಂದ ಮೂರು ಮಿಲಿಮೀಟರ್ ದಪ್ಪ, ಅಷ್ಟೇ. ಅದರ ಒಳಮೈಗೆ ಅಡ್ಡಡ್ಡ ಪಟ್ಟಿಗಳನ್ನು ಅಂಟಿಸಿರುತ್ತಾರೆ, ಸುತ್ತ ಅಂಚೂ ಅಂಟಿಕೊಂಡಿರುತ್ತದೆ. ಹಲಗೆ ಹಿಗ್ಗಿದಾಗ ಪಕ್ಕಕ್ಕೆ ಹೋಗಲು ಜಾಗ ಇಲ್ಲ. ಹಾಗಾಗಿ ಮೇಲಕ್ಕೆ ಉಬ್ಬುತ್ತದೆ. ಒಣಗಿದಾಗ ಕೆಳಕ್ಕೆ ಕೂರುತ್ತದೆ. ತೀರಾ ಒಣಗಿದರೆ ನಾರಿನ ಗುಂಟ ಸೀಳುತ್ತದೆ.

ಹೆಚ್ಚಿನ ತಯಾರಕರು ಹೇಳುವ ತೇವಾಂಶ ಶೇ 45ರಿಂದ 55. ಪುತ್ತೂರಿನ ಆಗಸ್ಟ್‌ನಲ್ಲಿ ನನ್ನ ಮಾಪಕ ಶೇ 85ರ ಕೆಳಗೆ ಇಳಿಯಲೇ ಇಲ್ಲ. ಬೆಂಗಳೂರಿನ ಮಾರ್ಚ್ ಮಧ್ಯಾಹ್ನ ಶೇ 30 ತೋರಿಸಿತು. ಬಳ್ಳಾರಿ, ಕಲಬುರಗಿಯ ಬೇಸಿಗೆಯಂತೂ ಕೇಳುವುದೇ ಬೇಡ. ಅಂದರೆ ಒಂದೇ ರಾಜ್ಯದೊಳಗೆ ಬಸ್ಸಿನಲ್ಲಿ ಒಂದು ರಾತ್ರಿ ಪ್ರಯಾಣ ಮಾಡಿದ ಗಿಟಾರ್ ದೇಶ ಬದಲಿಸಿದ ಹಾಗೆ.

ತೇವಾಂಶ ಮಾಪಕ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದು ನಿಜ ಹೇಳುತ್ತಿದೆಯೋ ಇಲ್ಲವೋ ನೋಡಲು ಅಡುಗೆ ಮನೆಯ ಉಪ್ಪು ಸಾಕು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನ ಹಾಗಾಗುವಷ್ಟು ಮಾತ್ರ ನೀರು ಬೆರೆಸಿ. ಉಪ್ಪು ಪೂರ್ತಿ ಕರಗಬಾರದು. ಆ ಮುಚ್ಚಳವನ್ನೂ ಮಾಪಕವನ್ನೂ ಜಿಪ್ ಚೀಲದಲ್ಲಿ ಹಾಕಿ ಒಂದು ರಾತ್ರಿ ಮುಚ್ಚಿಡಿ. ಬೆಳಗ್ಗೆ ಮಾಪಕ ಶೇ 75 ತೋರಿಸಬೇಕು. ಉಪ್ಪಿನ ಗಟ್ಟಿ ದ್ರಾವಣದ ಮೇಲಿನ ಗಾಳಿ ಯಾವಾಗಲೂ ಅಷ್ಟೇ ತೇವ ಇಟ್ಟುಕೊಳ್ಳುತ್ತದೆ. ನನ್ನ ಮಾಪಕ 70 ತೋರಿಸಿತು. ಅಂದಿನಿಂದ ಅದು ಏನು ಹೇಳಿದರೂ ಐದು ಕೂಡಿಸಿ ಓದುತ್ತೇನೆ.

ಒಣ ದಿನಗಳಿಗೆ ಉಪಾಯ ಇನ್ನೂ ಅಗ್ಗ. ಪ್ಲಾಸ್ಟಿಕ್ ಸೋಪು ಡಬ್ಬಿಯ ಮುಚ್ಚಳಕ್ಕೆ ಹತ್ತಾರು ತೂತು ಕೊರೆದು, ಒಳಗೆ ಚೆನ್ನಾಗಿ ಹಿಂಡಿದ ಒದ್ದೆ ಸ್ಪಂಜು ಇಟ್ಟು, ಗಿಟಾರ್ ಕೇಸಿನೊಳಗೆ ಬಿರಡೆಗಳ ಹತ್ತಿರ ಇಡುವುದು. ಮಳೆಗಾಲಕ್ಕೆ ಇದರ ಉಲ್ಟಾ: ಸಿಲಿಕಾ ಜೆಲ್ ಪೊಟ್ಟಣಗಳು. ಮುಖ್ಯ ಮಾತು ಇಷ್ಟೇ, ಗಿಟಾರನ್ನು ಸರಿಯಾದ ತೇವದಲ್ಲಿ ಒಂದೆರಡು ವಾರ ಇಟ್ಟು ನೋಡುವವರೆಗೆ ಯಾವ ಉಪಕರಣವನ್ನೂ ಕೈಗೆತ್ತಿಕೊಳ್ಳಬೇಡಿ. ಗಿಟಾರ್ ಒಣಗಿದೆ ಅಂತ ತಿಳಿಯಲು ಒಂದು ಸುಲಭದ ಗುರುತೂ ಇದೆ. ನೆಕ್‌ನ ಅಂಚಿನ ಮೇಲೆ ಬೆರಳು ಜಾರಿಸಿ. ಫ್ರೆಟ್ ತುದಿಗಳು ಗರಗಸದ ಹಾಗೆ ಚುಚ್ಚಿದರೆ ಮರ ಕುಗ್ಗಿದೆ. ಲೋಹ ಕುಗ್ಗದೆ ಹಾಗೇ ಉಳಿದು ಹೊರಗೆ ಇಣುಕುತ್ತಿದೆ.

ಒಂದೂವರೆ ಸಿಮೆಂಟ್ ಚೀಲ

ಸಾಮಾನ್ಯ ಲೈಟ್ ಗೇಜ್ (ತೆಳು ದಪ್ಪದ) ಸ್ಟೀಲ್ ತಂತಿಗಳನ್ನು ಶ್ರುತಿಗೆ ತಂದಾಗ ಆರೂ ತಂತಿ ಸೇರಿ ಸುಮಾರು 70 ಕೆಜಿಯಷ್ಟು ಎಳೆಯುತ್ತವೆ. ಹೆಚ್ಚುಕಡಿಮೆ ಒಂದೂವರೆ ಸಿಮೆಂಟ್ ಚೀಲ. ಹಗಲೂ ರಾತ್ರಿ, ನೀವು ನುಡಿಸಿದರೂ ನುಡಿಸದಿದ್ದರೂ. ಈ ಎಳೆತಕ್ಕೆ ನೆಕ್ ಬಿಲ್ಲಿನ ಹಾಗೆ ಮುಂದಕ್ಕೆ ಬಾಗುತ್ತದೆ.

ಅದನ್ನು ತಡೆಯಲು ನೆಕ್‌ನೊಳಗೆ ಒಂದು ಉಕ್ಕಿನ ಸರಳು ಇರುತ್ತದೆ. ಹೆಸರು ಟ್ರಸ್ ರಾಡ್. ಗಿಬ್ಸನ್ ಕಂಪನಿಯಲ್ಲಿದ್ದ ಥ್ಯಾಡಿಯಸ್ ಮೆಕ್‌ಹ್ಯೂ ಎಂಬವರು ಬೇಕಾದ ಹಾಗೆ ಬಿಗಿ ಮಾಡಬಹುದಾದ ಸರಳಿಗೆ 1921ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು, 1923ರಲ್ಲಿ ಅದು ಸಿಕ್ಕಿತು. ನೂರು ವರ್ಷ ಆದರೂ ಅದರ ಬಗ್ಗೆ ಇರುವ ಭಯ ಮಾತ್ರ ಹೋಗಿಲ್ಲ. 'ಅದನ್ನು ಮುಟ್ಟಬೇಡ, ನೆಕ್ ಮುರಿಯುತ್ತೆ' ಅಂತ ಹೇಳುವ ಒಬ್ಬ ಸ್ನೇಹಿತ ಎಲ್ಲರಿಗೂ ಇರುತ್ತಾನೆ.

ಭಯ ಬೇಡ, ಅವಸರವೂ ಬೇಡ. ಮೊದಲು ಅಳೆಯಿರಿ. ಆರನೆಯ, ಅಂದರೆ ಎಲ್ಲಕ್ಕಿಂತ ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ (ಬಿರಡೆಗಳ ಕಡೆಯಿಂದ ಎಣಿಸಿ) ಒಂದು ಕೈಯಿಂದ, ನೆಕ್ ದೇಹವನ್ನು ಸೇರುವ ಫ್ರೆಟ್‌ನಲ್ಲಿ (ಸಾಮಾನ್ಯವಾಗಿ 14) ಇನ್ನೊಂದು ಕೈಯಿಂದ ಒತ್ತಿ ಹಿಡಿಯಿರಿ. ಈಗ ತಂತಿಯೇ ನಿಮ್ಮ ಅಡಿಪಟ್ಟಿ. ಬಿಗಿದ ತಂತಿಗಿಂತ ನೇರವಾದ ವಸ್ತು ಮನೆಯಲ್ಲಿ ಬೇರೆ ಇರುವುದಿಲ್ಲ. ಏಳನೆಯ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಎಷ್ಟು ಅಂತರ ಇದೆ ನೋಡಿ. ಜೆರಾಕ್ಸ್ ಅಂಗಡಿಯ ಹಾಳೆ ಒಂದು ಸುಮಾರು 0.1 ಮಿ.ಮೀ. ದಪ್ಪ. ಅಂಥ ಎರಡು ಹಾಳೆ ಸಡಿಲವಾಗಿ ತೂರುವಷ್ಟು ಅಂತರ ಇದ್ದರೆ ಸಾಕು. 0.1ರಿಂದ 0.25ರ ನಡುವೆ ಎಲ್ಲಾದರೂ ಸರಿ. ತಂತಿ ಮೀಟಿದಾಗ ಅದು ನಡುವೆ ಅಗಲವಾಗಿ ಓಲಾಡುತ್ತದೆ, ಅದಕ್ಕೆ ಅಷ್ಟು ಜಾಗ ಬೇಕು. ಅಂತರವೇ ಇಲ್ಲದಿದ್ದರೆ ಕೆಳಗಿನ ಐದಾರು ಫ್ರೆಟ್‌ಗಳಲ್ಲಿ ತಂತಿ ಬಡಿಯುತ್ತದೆ.

ಅಂತರ ಜಾಸ್ತಿ ಇದ್ದರೆ ಸರಳನ್ನು ಗಡಿಯಾರದ ದಿಕ್ಕಿಗೆ ತಿರುಗಿಸಬೇಕು. ತಿರುಪು ಬಿರಡೆಗಳ ಹಲಗೆಯ ಮೇಲಿನ ಪುಟ್ಟ ಮುಚ್ಚಳದ ಕೆಳಗೆ ಇರುತ್ತದೆ, ಇಲ್ಲವೇ ಗಿಟಾರಿನ ತೂತಿನೊಳಗೆ. ಸರಿಯಾದ ಅಳತೆಯ ಅಲೆನ್ ಕೀಯೇ ಬೇಕು. ಹತ್ತಿರದ ಅಳತೆ ಹಾಕಿ ತಿರುಗಿಸಿದರೆ ತಿರುಪಿನ ತಲೆ ಸವೆದು ಕೆಲಸ ಕೆಡುತ್ತದೆ. ಒಂದು ಸಲಕ್ಕೆ ಕಾಲು ಸುತ್ತು, ಜಾಸ್ತಿ ಬೇಡ. ಮತ್ತೆ ಶ್ರುತಿ ಮಾಡಿ. ಮತ್ತೆ ಅಳೆಯಿರಿ. ಬಲ ಹಾಕಬೇಕಾಗಿ ಬಂದರೆ ಅಲ್ಲಿಗೇ ನಿಲ್ಲಿಸಿ. ಸರಿ ಕಾಣದಿದ್ದರೆ ಅದೇ ಕಾಲು ಸುತ್ತನ್ನು ಹಿಂದಕ್ಕೆ ತಿರುಗಿಸಿದರಾಯಿತು. ಅದಕ್ಕೇ ಇದು ಕ್ರಮದಲ್ಲಿ ಮೊದಲು ಬರುತ್ತದೆ.

ಒಂದು ಎಚ್ಚರಿಕೆ. ಸರಳು ಇರುವುದು ನೆಕ್ಕಿನ ಬಾಗು ಸರಿ ಮಾಡಲು. ತಂತಿಯ ಎತ್ತರ ಇಳಿಸುವ ಸಾಧನ ಅಂತ ಅದನ್ನು ಬಳಸುವವರೇ ಹೆಚ್ಚು. ಬಿಗಿ ಮಾಡಿದಾಗ ಎತ್ತರವೂ ಸ್ವಲ್ಪ ಇಳಿಯುವುದರಿಂದ ಈ ತಪ್ಪು ತಿಳಿವಳಿಕೆ ಹುಟ್ಟಿದೆ.

ಎಫ್ ಕಾರ್ಡ್ ಬರುವುದಿಲ್ಲವೇ?

ಹೊಸದಾಗಿ ಕಲಿಯುವವರಲ್ಲಿ ಗಿಟಾರ್ ಬಿಟ್ಟವರನ್ನು ಕೇಳಿ ನೋಡಿ. ಎಫ್ ಕಾರ್ಡ್ ಹತ್ತಿರ ಸೋತೆ ಅನ್ನುವವರು ತುಂಬ ಜನ. (ಕಾರ್ಡ್ ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ಮೀಟುವುದು.) ಮೊದಲ ಫ್ರೆಟ್‌ನಲ್ಲಿ ತೋರುಬೆರಳನ್ನು ಆರೂ ತಂತಿಗಳ ಮೇಲೆ ಮಲಗಿಸಿ ಒತ್ತುವ ಆ ಹಿಂಸೆ! ಗುರುಗಳು 'ಅಭ್ಯಾಸ ಮಾಡು' ಅನ್ನುತ್ತಾರೆ. ಅಭ್ಯಾಸ ಬೇಕು, ಸರಿ. ಆದರೆ ಅಗ್ಗದ ಗಿಟಾರುಗಳಲ್ಲಿ ಎಷ್ಟೋ ಸಲ ತಪ್ಪು ಬೆರಳಿನದ್ದಲ್ಲ, ನಟ್‌ನದ್ದು.

ಬಿರಡೆಗಳಿಂದ ಬಂದ ತಂತಿಗಳು ನೆಕ್ ಮೇಲೆ ಇಳಿಯುವ ಮೊದಲು ಹಾದುಹೋಗುವ, ಆರು ಗೀರು ಇರುವ ಪಟ್ಟಿಯೇ ನಟ್. ಕಾರ್ಖಾನೆಯಲ್ಲಿ ಗೀರುಗಳನ್ನು ಬೇಕೆಂದೇ ಸ್ವಲ್ಪ ಮೇಲೆ ಬಿಡುತ್ತಾರೆ. ಆಳ ಕಡಿಮೆ ಇದ್ದರೆ ಆಮೇಲೆ ಕೊರೆಯಬಹುದು. ಜಾಸ್ತಿ ಆದರೆ ನಟ್ ದಂಡ. ಆದರೆ ಗೀರು ಎತ್ತರ ಇದ್ದರೆ ಮೊದಲ ಫ್ರೆಟ್‌ನಲ್ಲಿ ತಂತಿಯನ್ನು ಕಡಿದಾಗಿ ಕೆಳಗೆ ತಳ್ಳಬೇಕಾಗುತ್ತದೆ. ಬೆರಳಿಗೂ ನೋವು, ತಂತಿ ಹಿಗ್ಗಿ ಸ್ವರವೂ ಮೇಲೇರುತ್ತದೆ.

ಪರೀಕ್ಷೆ ಹೀಗೆ. ಒಂದು ತಂತಿಯನ್ನು ಮೂರನೆಯ ಫ್ರೆಟ್‌ನಲ್ಲಿ ಒತ್ತಿ. ಮೊದಲ ಫ್ರೆಟ್ ಮೇಲೆ ಅದೇ ತಂತಿಯನ್ನು ಉಗುರಿನಿಂದ ಮೆಲ್ಲಗೆ ತಟ್ಟಿ. ಟಿಕ್ ಅನ್ನುವ ಸಣ್ಣ ಸದ್ದು ಬರಬೇಕು, ಅಂತರ ಕಣ್ಣಿಗೆ ಕಂಡೂ ಕಾಣದ ಹಾಗಿರಬೇಕು. ಢಾಳಾಗಿ ಕಂಡರೆ ಗೀರು ಎತ್ತರ ಇದೆ. ಸದ್ದೇ ಇಲ್ಲ, ತಂತಿ ಫ್ರೆಟ್ ಮೇಲೇ ಕೂತಿದೆ ಅಂದರೆ ಗೀರು ತೀರಾ ಆಳ. ಆಗ ಬಿಟ್ಟ ತಂತಿ ಮೀಟಿದಾಗ ಮಾತ್ರ ಝರ್ ಅನ್ನುತ್ತದೆ, ಒತ್ತಿದರೆ ಸದ್ದು ಮಾಯ.

ಗೀರು ಆಳ ಮಾಡಲು ಆಯಾ ತಂತಿಯ ದಪ್ಪಕ್ಕೆ ತಕ್ಕ ತೆಳು ಅರಗಳು ಬೇಕು. ಎರಡು ಸಲ ಎಳೆದು, ತಂತಿ ಕೂರಿಸಿ, ನೋಡಿ, ಮತ್ತೆ ಎರಡು ಸಲ. ಅರವನ್ನು ಬಿರಡೆಗಳ ಕಡೆಗೆ ಸ್ವಲ್ಪ ಇಳಿಜಾರಾಗಿ ಹಿಡಿಯಬೇಕು. ತಂತಿ ಗೀರಿನ ಮುಂದಿನ ಅಂಚಿನಲ್ಲಿ, ನೆಕ್ ಕಡೆಯ ಅಂಚಿನಲ್ಲಿ, ಕೂರಬೇಕು. ಹಿಂದೆ ಕೂತರೆ ಸಿತಾರಿನ ಹಾಗೆ ಝೇಂಕರಿಸುತ್ತದೆ. ಸಿತಾರಿಗೆ ಅದು ಅಂದ, ಗಿಟಾರಿಗೆ ರೋಗ.

ಆಳ ಜಾಸ್ತಿ ಆಯಿತೋ? ಗೀರಿನಲ್ಲಿ ಅಡುಗೆ ಸೋಡಾ ತುಂಬಿ ಒಂದು ಹನಿ ಸೂಪರ್ ಗ್ಲೂ ಬಿಟ್ಟರೆ ಕ್ಷಣದಲ್ಲಿ ಕಲ್ಲಾಗುತ್ತದೆ. ಮತ್ತೆ ಕೊರೆಯಬಹುದು. ಹೊಗೆ ಬರುತ್ತದೆ, ಕಿಟಕಿ ತೆಗೆದಿಡಿ, ಮುಖ ದೂರ ಇರಲಿ. ಇದು ತೇಪೆ ಅಷ್ಟೇ. ಮೂಳೆಯ ಹೊಸ ನಟ್ ಹಾಕುವುದೇ ಸರಿ. ಇನ್ನು, ಶ್ರುತಿ ಮಾಡುವಾಗ ನಟ್ ಹತ್ತಿರ ಟಿಣ್ ಅಂತ ಸದ್ದಾಗಿ ಸ್ವರ ಹಾರಿದರೆ ತಂತಿ ಗೀರಿನಲ್ಲಿ ಸಿಕ್ಕಿಕೊಂಡಿದೆ ಅಂತ ಅರ್ಥ. ಪೆನ್ಸಿಲ್ ಮೊನೆಯನ್ನು ಗೀರಿನಲ್ಲಿ ಉಜ್ಜಿ. ಅದರ ಗ್ರಾಫೈಟ್ ಪುಡಿ ಎಣ್ಣೆಯ ಕೆಲಸ ಮಾಡುತ್ತದೆ.

ಕುದುರೆ ಮತ್ತು ಜೀನು

ಈಗ ನನ್ನ ಅಪರಾಧದ ಜಾಗಕ್ಕೆ ಬಂದೆವು. ವೀಣೆಯಲ್ಲಿ ತಂತಿ ಹೊರುವ ಭಾಗಕ್ಕೆ ನಾವು ಕುದುರೆ ಅನ್ನುತ್ತೇವೆ. ಗಿಟಾರಿನಲ್ಲಿ ಅದೇ ಕೆಲಸ ಮಾಡುವ ಪಟ್ಟಿಗೆ ಸ್ಯಾಡಲ್, ಅಂದರೆ ಜೀನು ಅಂತ ಹೆಸರು. ಯಾರು ಯಾರಿಂದ ಕದ್ದರೋ, ಅಥವಾ ಎಲ್ಲರಿಗೂ ಅದು ಹಾಗೇ ಕಂಡಿತೋ! ನನಗಂತೂ ಈ ಜೋಡಿ ಬಹಳ ಇಷ್ಟ.

ತಂತಿಯ ಎತ್ತರವನ್ನು 12ನೆಯ ಫ್ರೆಟ್ ಮೇಲೆ ಅಳೆಯುತ್ತಾರೆ. ಸ್ಟೀಲಿನ ಅಡಿಪಟ್ಟಿ ಫ್ರೆಟ್ ಮೇಲೆ ನಿಲ್ಲಿಸಿ, ತಂತಿಯ ತಳಕ್ಕೆ ಎಷ್ಟು ದೂರ ಅಂತ ನೋಡುವುದು. ಆರನೆಯ, ದಪ್ಪ ತಂತಿಗೆ 2.4 ಮಿ.ಮೀ., ಮೊದಲ, ತೆಳು ತಂತಿಗೆ 1.8 ಮಿ.ಮೀ. ಇದ್ದರೆ ಹೆಚ್ಚಿನವರಿಗೆ ಹಿತ. ಜೋರಾಗಿ ಬಾರಿಸುವವರಿಗೆ ಸ್ವಲ್ಪ ಮೇಲಿರಲಿ.

ಈಗ ಚಿಕ್ಕ ಲೆಕ್ಕ. ನಿಮ್ಮ ಅಳತೆ 3.2 ಬಂತು, 2.4 ಬೇಕು. 0.8 ಕಡಿಮೆ ಆಗಬೇಕು. ಹಾಗಾದರೆ ಸ್ಯಾಡಲ್‌ನಿಂದ ಎಷ್ಟು ತೆಗೆಯಬೇಕು? 0.8 ಅಲ್ಲ, 1.6. ತಂತಿಯ ಒಂದು ತುದಿ ನಟ್‌ನಲ್ಲಿ ಅಲ್ಲಾಡದೆ ಕೂತಿದೆ. 12ನೆಯ ಫ್ರೆಟ್ ಇರುವುದು ಹೆಚ್ಚುಕಡಿಮೆ ನಟ್‌ಗೂ ಸ್ಯಾಡಲ್‌ಗೂ ನಡುಮಧ್ಯೆ. ಏಣಿಯ ಒಂದು ತುದಿ ನೆಲದ ಮೇಲಿಟ್ಟು ಇನ್ನೊಂದನ್ನು ಒಂದು ಅಡಿ ಇಳಿಸಿದರೆ ನಡುವಿನ ಮೆಟ್ಟಿಲು ಅರ್ಧ ಅಡಿ ಇಳಿಯುತ್ತದಲ್ಲ, ಅದೇ ಲೆಕ್ಕ.

ಸ್ಯಾಡಲ್‌ನ ತಳದಿಂದ ಅಷ್ಟು ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಗಾಜಿನ ತುಂಡಿನ ಮೇಲೆ ಸ್ಯಾಂಡ್ ಪೇಪರ್ ಅಂಟಿಸಿ ತಳವನ್ನು ಮಾತ್ರ ತಿಕ್ಕಿ. 1.6 ಬೇಕಿದ್ದರೆ 1.2ಕ್ಕೇ ನಿಲ್ಲಿಸಿ, ಕೂರಿಸಿ, ಶ್ರುತಿ ಮಾಡಿ, ಅಳೆಯಿರಿ. ಬೆರಳು ಒಂದೇ ಕಡೆ ಒತ್ತಿದರೆ ತಳ ಓರೆ ಆಗುತ್ತದೆ. ಓರೆ ತಳ, ಸ್ಯಾಡಲ್ ಕೂರುವ ಮರದ ತುಂಡಿಗೆ (ಅದೇ ಬ್ರಿಡ್ಜ್) ಸರಿಯಾಗಿ ತಾಗದೆ ಒಂದೆರಡು ತಂತಿಗಳ ದನಿ ಮಂಕಾಗುತ್ತದೆ. ಒಂದು ಮಾತ್ರ ನೆನಪಿರಲಿ. ಇಲ್ಲಿಂದ ವಾಪಸ್ ದಾರಿ ಇಲ್ಲ.

ಶ್ರುತಿ ಸೇರುವುದಿಲ್ಲ ಅನ್ನುವ ದೂರು

ಇದರಲ್ಲಿ ಎರಡು ಬೇರೆ ಬೇರೆ ದೂರುಗಳಿವೆ. ಒಂದು ಗಿಟಾರಿನ ದೋಷ. ಇನ್ನೊಂದು ಗಿಟಾರಿನ ಸ್ವಭಾವ.

ವೀಣೆಯಲ್ಲಿ ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸುತ್ತಾರೆ. ಕುಶಲಕರ್ಮಿ ಕಿವಿಗೊಟ್ಟು ಕೇಳುತ್ತ, ಒಂದೊಂದನ್ನೇ ಆಚೀಚೆ ಸರಿಸಿ, ಸ್ವರ ಸಿಕ್ಕಲ್ಲಿ ನಿಲ್ಲಿಸುತ್ತಾನೆ. ಗಿಟಾರಿನಲ್ಲಿ ಕಿವಿಗೆ ಆ ಅವಕಾಶ ಇಲ್ಲ, ಲೆಕ್ಕ ಮಾತ್ರ. ನಟ್‌ನಿಂದ ಸ್ಯಾಡಲ್‌ಗೆ 648 ಮಿ.ಮೀ. ಇದ್ದರೆ ಅದನ್ನು 17.817ರಿಂದ ಭಾಗಿಸಿ. 36.37 ಬರುತ್ತದೆ. ಅಲ್ಲಿ ಮೊದಲ ಫ್ರೆಟ್. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು. ಹೀಗೇ ಹೋದರೆ 12ನೆಯ ಫ್ರೆಟ್ 324ಕ್ಕೆ, ಅಂದರೆ ಸರಿ ಅರ್ಧಕ್ಕೆ ಬಂದು ನಿಲ್ಲುತ್ತದೆ.

ಆದರೆ ಒತ್ತಿದಾಗ ತಂತಿ ಸ್ವಲ್ಪ ಹಿಗ್ಗುತ್ತದೆ, ಸ್ವರ ಏರುತ್ತದೆ. ಅದಕ್ಕೆ ಪರಿಹಾರವಾಗಿ ಸ್ಯಾಡಲನ್ನು ಲೆಕ್ಕದ ಜಾಗಕ್ಕಿಂತ ಕೆಲವು ಮಿಲಿಮೀಟರ್ ಹಿಂದಕ್ಕೆ ಇಡುತ್ತಾರೆ. ದಪ್ಪ ತಂತಿಗೆ ಜಾಸ್ತಿ, ತೆಳು ತಂತಿಗೆ ಕಡಿಮೆ. ಸ್ಯಾಡಲ್ ಓರೆಯಾಗಿ ಕೂತಿರುವುದು ಇದಕ್ಕೇ, ಕಾರ್ಖಾನೆಯವರ ಅಜಾಗರೂಕತೆ ಅಲ್ಲ. 12ನೆಯ ಫ್ರೆಟ್ ಮೇಲೆ ತಂತಿಯನ್ನು ಸುಮ್ನೆ ಸೋಕಿ ಮೀಟಿದ ಸ್ವರವೂ, ಅಲ್ಲೇ ಒತ್ತಿ ಮೀಟಿದ ಸ್ವರವೂ ಶ್ರುತಿ ತೋರಿಸುವ ಸಾಧನದಲ್ಲಿ, ಅಂದರೆ ಟ್ಯೂನರ್‌ನಲ್ಲಿ, ಒಂದೇ ತೋರಿಸಬೇಕು. ಒತ್ತಿದ್ದು ಮೇಲಿದ್ದರೆ ಸ್ಯಾಡಲ್‌ನ ಅಂಚನ್ನು ಇನ್ನೂ ಹಿಂದಕ್ಕೆ ಹೋಗುವ ಹಾಗೆ ಅರದಿಂದ ತಿದ್ದಬೇಕು. ಅದಕ್ಕೂ ಮೊದಲು ಹೊಸ ತಂತಿ ಹಾಕಿ ನೋಡಿ. ತುಕ್ಕು, ಬೆವರು ಹಿಡಿದ ತಂತಿಯ ಮೇಲೆ ಮಾಡಿದ ಅಳತೆ ನೀರಿನ ಮೇಲೆ ಬರೆದ ಹಾಗೆ.

ಇನ್ನು ಸ್ವಭಾವದ ಮಾತು. ತಂಬೂರಿ ಕೇಳಿ ಬೆಳೆದ ಕಿವಿಗೆ ಗಿಟಾರಿನ ಮೇಜರ್ ಕಾರ್ಡ್ ಯಾವಾಗಲೂ ಸ್ವಲ್ಪ ಚುರುಕಾಗಿ, ಕೆರಳಿದ ಹಾಗೆ ಕೇಳುತ್ತದೆ. ಅದು ಭ್ರಮೆ ಅಲ್ಲ. ಒಂದು ಅರ್ಧ ಸ್ವರವನ್ನು 100 ಸೆಂಟ್ ಅಂತ ಭಾಗ ಮಾಡಿದರೆ, ಷಡ್ಜದ ಜೊತೆ ಪೂರ್ತಿ ಬೆರೆಯುವ ಅಂತರ ಗಾಂಧಾರ ಇರುವುದು ಸುಮಾರು 386ರಲ್ಲಿ. ಗಿಟಾರಿನ ಫ್ರೆಟ್ ಕೊಡುವುದು 400. ಹನ್ನೆರಡೂ ಶ್ರುತಿಗಳಲ್ಲಿ ಒಂದೇ ಥರ ನುಡಿಸಲು ಮಾಡಿಕೊಂಡ ರಾಜಿ ಅದು. ನನ್ನ ಪರಿಚಯದ ಪಿಟೀಲು ವಾದಕರೊಬ್ಬರು ಗಿಟಾರ್ ಕೈಗೆತ್ತಿಕೊಂಡರೆ ಸಾಕು, ಇ ಕಾರ್ಡ್ ಹಿಡಿದು ಅದು ಸಿಹಿಯಾಗುವವರೆಗೆ ಮೂರನೆಯ ತಂತಿ ಇಳಿಸುತ್ತಾರೆ. ಆಮೇಲೆ ಜಿ ಕಾರ್ಡ್ ಹಿಡಿದು 'ಇದು ಯಾಕ್ರೀ ಅಳ್ತಾ ಇದೆ?' ಅನ್ನುತ್ತಾರೆ. ಒಂದೊಂದು ತಂತಿಯನ್ನು ಟ್ಯೂನರ್‌ಗೆ ಸೇರಿಸಿ ಕೈ ಬಿಡಬೇಕು. ಇದಕ್ಕೆ ರಿಪೇರಿ ಇಲ್ಲ.

ಝರ್ ಅನ್ನುವುದು ಎಲ್ಲಿಂದ?

ಬಿಟ್ಟ ತಂತಿಯಲ್ಲಿ ಮಾತ್ರ ಬಂದರೆ ನಟ್, ಮೊದಲ ಐದು ಫ್ರೆಟ್‌ಗಳಲ್ಲಿ ಬಂದರೆ ನೆಕ್ಕಿನ ಬಾಗು, 12ರ ಆಚೆ ಬಂದರೆ ಸ್ಯಾಡಲ್. ಒಂದೇ ಜಾಗದಲ್ಲಿ ಬಂದರೆ ಅದರ ಮುಂದಿನ ಫ್ರೆಟ್ ಎದ್ದಿರಬಹುದು. ಎಟಿಎಂ ಕಾರ್ಡಿನ ಅಂಚನ್ನು ಸರಿಯಾಗಿ ಮೂರೇ ಫ್ರೆಟ್‌ಗಳ ಮೇಲೆ ಇಡಿ. ಕೆಳಗಿನ ಫ್ರೆಟ್‌ಗಳಿಗೆ ಉದ್ದ ಅಂಚು, ಮುಂದೆ ಹೋದಂತೆ ಗಿಡ್ಡ ಅಂಚು. ಕಾರ್ಡ್ ಏತದ ಹಾಗೆ ಓಲಾಡಿದರೆ ನಡುವಿನ ಫ್ರೆಟ್ ಎತ್ತರ ಇದೆ.

ಇದ್ಯಾವುದೂ ಅಲ್ಲದೆ ಸದ್ದು ಬರುವುದೂ ಉಂಟು. ಒಮ್ಮೆ ಎರಡು ಸಂಜೆ ಇಂಥ ಸದ್ದು ಹುಡುಕಿದೆ. ನೆಕ್ ನೋಡಿದೆ, ಫ್ರೆಟ್ ನೋಡಿದೆ. ಟಾರ್ಚ್ ಹಚ್ಚಿದ ಫೋನನ್ನು ತೂತಿನೊಳಗೆ ಇಳಿಸಿ ವಿಡಿಯೊ ಮಾಡಿ ಒಳಗಿನ ಪಟ್ಟಿಗಳು ಬಿಟ್ಟಿವೆಯೇ ಅಂತ ನೋಡಿದೆ. ಮುಖದ ಹಲಗೆಯನ್ನು ಬೆರಳ ಗೆಣ್ಣಿನಿಂದ ತೆಂಗಿನಕಾಯಿ ತಟ್ಟಿದ ಹಾಗೆ ತಟ್ಟಿದೆ. ಕೊನೆಗೆ ಸಿಕ್ಕಿದ್ದು ಬಿರಡೆಯ ಒಂದು ಸಡಿಲ ಸ್ಕ್ರೂ. ಈಗ ಯಾರ ಗಿಟಾರ್ ಬಂದರೂ ಮೊದಲು ಸ್ಕ್ರೂಡ್ರೈವರ್ ಹಿಡಿದು ಬಿರಡೆಗಳ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತೇನೆ.

ಯಾವುದಕ್ಕೆ ಕೈ ಹಾಕಬಾರದು

ನೈಲಾನ್ ತಂತಿಯ ಗಿಟಾರಿಗೆ ಸ್ಟೀಲ್ ತಂತಿ ಹಾಕಬೇಡಿ. ನೈಲಾನಿನ ಎಳೆತ ಸ್ಟೀಲಿಗಿಂತ ತುಂಬ ಕಡಿಮೆ. ಆ ಲೆಕ್ಕಕ್ಕೇ ಕಟ್ಟಿದ ಗಿಟಾರ್ ಅದು, ಎಷ್ಟೋ ಸಲ ಒಳಗೆ ಸರಳೂ ಇರುವುದಿಲ್ಲ. 'ಸೌಂಡ್ ಜೋರಾಗಿ ಬರುತ್ತೆ' ಅಂತ ಸ್ಟೀಲ್ ಹಾಕಿಸಿಕೊಂಡವರ ಗಿಟಾರುಗಳಲ್ಲಿ ಬ್ರಿಡ್ಜ್ ಕಿತ್ತು ಬಂದದ್ದನ್ನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಬ್ರಿಡ್ಜಿನ ಹಿಂದಿನ ಅಂಚಿಗೆ ಕಾಗದದ ಮೂಲೆ ತೂರಿಸಿ ನೋಡಿ. ಒಳಗೆ ಹೋದರೆ ಅಂಟು ಬಿಡುತ್ತಿದೆ. ಆ ಕ್ಷಣವೇ ತಂತಿ ಸಡಿಲ ಮಾಡಿ. ಸಂದಿಗೆ ಸೂಪರ್ ಗ್ಲೂ ಸುರಿಯುವ ಆಸೆ ಬರುತ್ತದೆ. ಬೇಡ. ಹಳೆಯ ಅಂಟು ಪೂರ್ತಿ ಕೆರೆದು, ಬರೀ ಮರಕ್ಕೆ ಮರ ಸೇರುವ ಹಾಗೆ ಮಾಡಿ, ಕ್ಲಾಂಪ್ ಹಾಕಿ ಅಂಟಿಸುವ ಕೆಲಸ ಅದು. ಗಟ್ಟಿಯಾದ ಸೂಪರ್ ಗ್ಲೂ ಮುಂದೆ ಬರುವ ರಿಪೇರಿಯವನಿಗೆ ಶಾಪ.

ಹಳೆಯ ಕಾಲದ ಗಿಟಾರುಗಳಿಗೆ ಪ್ರಾಣಿಗಳ ತೊಗಲು ಬೇಯಿಸಿ ಮಾಡಿದ ಅಂಟು ಹಾಕುತ್ತಿದ್ದರು. ಬಿಸಿ ಮತ್ತು ತೇವ ಕೊಟ್ಟರೆ ಅದು ಬಿಡುತ್ತದೆ. ಬಿಡುವುದೇ ಅದರ ಒಳ್ಳೆಯ ಗುಣ, ರಿಪೇರಿಗೆ ಬಾಗಿಲು ತೆರೆದಿರುತ್ತದೆ. ಆದರೆ ಬಿಸಿಗೆ ಈಗಿನ ಮರದ ಅಂಟೂ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಗಿಟಾರ್ ಬಿಡಬಾರದು ಅನ್ನುವುದು ಇದಕ್ಕೇ. ಮೆತ್ತಗಾದ ಅಂಟು, ಮೇಲೆ 70 ಕೆಜಿ ಎಳೆತ. ಊಹಿಸಿಕೊಳ್ಳಿ.

ಸ್ಯಾಡಲ್ ಇಳಿಸಲು ಇನ್ನು ಜಾಗವೇ ಇಲ್ಲ, ಆದರೂ ತಂತಿ ಎತ್ತರ ಇದೆ ಅಂದರೆ ನೆಕ್ ದೇಹಕ್ಕೆ ಸೇರುವ ಕೋನವೇ ಬದಲಾಗಿದೆ. ಅದನ್ನು ಬಿಚ್ಚಿ, ಕೆತ್ತಿ, ಮತ್ತೆ ಕೂರಿಸಬೇಕು. ಅಗ್ಗದ ಗಿಟಾರಿನ ಬೆಲೆಗಿಂತ ಆ ಕೆಲಸದ ಕೂಲಿ ಜಾಸ್ತಿ. ಬಿದ್ದು ತಲೆ ಮುರಿದ ಗಿಟಾರನ್ನೂ ಬಲ್ಲವರಿಗೇ ಕೊಡಿ. ಮುರಿದ ನಾರುಗಳನ್ನು ಮುಟ್ಟದೆ, ಸಿಬಿರು ಕೀಳದೆ, ಹಾಗೇ ಬಟ್ಟೆ ಸುತ್ತಿ ಒಯ್ಯಿರಿ. ಮುಟ್ಟದ ಮುರಿತ ಮತ್ತೆ ಕೂದಲೆಳೆಯ ಹಾಗೆ ಸೇರುತ್ತದೆ.

ಸಲಕರಣೆ, ಗುಜರಿ ಗಿಟಾರ್, ಬೀಟೆ

ಸಲಕರಣೆಗೆ ವಿದೇಶದಿಂದ ತರಿಸುವ ದುಬಾರಿ ಕಿಟ್ ಬೇಡ. ಸಣ್ಣ ಸಂದಿ ಅಳೆಯುವ ತೆಳು ಲೋಹದ ಪಟ್ಟಿಗಳ ಗೊಂಚಲು, ಫೀಲರ್ ಗೇಜ್, ಬೈಕ್ ಮೆಕ್ಯಾನಿಕ್‌ಗಳು ಬಳಸುವ ವಸ್ತು, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ಅರ್ಧ ಮಿಲಿಮೀಟರ್ ಗುರುತಿರುವ ಸ್ಟೀಲ್ ಅಡಿಪಟ್ಟಿ, ಅಲೆನ್ ಕೀ ಗೊಂಚಲು, ಸ್ಯಾಂಡ್ ಪೇಪರ್ ಹಾರ್ಡ್‌ವೇರ್ ಅಂಗಡಿಯಲ್ಲಿ. ನಟ್ ಅರಗಳಿಗೆ ಮಾತ್ರ ದುಡ್ಡು ಖರ್ಚು ಮಾಡಬೇಕು.

ಎಲ್ಲಕ್ಕಿಂತ ಒಳ್ಳೆಯ ಸಲಕರಣೆ ಒಂದು ಗುಜರಿ ಗಿಟಾರ್. ಯಾರದ್ದೋ ಮನೆಯ ಅಟ್ಟದಲ್ಲಿ ಇದ್ದೇ ಇರುತ್ತದೆ. ಫ್ರೆಟ್ ತಿದ್ದುವುದನ್ನು ಅದರ ಮೇಲೆ ಕಲಿಯಿರಿ. ಫ್ರೆಟ್‌ಗಳ ನೆತ್ತಿಗೆ ಮಾರ್ಕರ್ ಶಾಯಿ ಬಳಿದು, ಚಪ್ಪಟೆ ಅರವನ್ನು ನೆಕ್ಕಿನ ಉದ್ದಕ್ಕೆ ತೂಕ ಹಾಕದೆ ಎಳೆಯುವುದು. ಎಲ್ಲಿ ಶಾಯಿ ಅಳಿಯಿತೋ ಅಲ್ಲಿ ಎತ್ತರ, ಎಲ್ಲಿ ಉಳಿಯಿತೋ ಅಲ್ಲಿ ತಗ್ಗು. ಎಲ್ಲ ಫ್ರೆಟ್‌ನಲ್ಲೂ ಅಳಿದಾಗ ನಿಲ್ಲಿಸಿ ನೆತ್ತಿಗಳನ್ನು ಮತ್ತೆ ದುಂಡಗೆ ಮಾಡಬೇಕು. ಈ ಫ್ರೆಟ್ ತಂತಿಗೆ ನಿಕಲ್ ಸಿಲ್ವರ್ ಅಂತ ಹೆಸರು. ಜರ್ಮನ್ ಸಿಲ್ವರ್ ಅನ್ನುವುದೂ ಇದನ್ನೇ. ತಾಮ್ರ, ನಿಕಲ್, ಸತು ಸೇರಿದ ಲೋಹ. ಬೆಳ್ಳಿ ಚೂರೂ ಇಲ್ಲ.

ಫ್ರೆಟ್‌ಗಳ ಕೆಳಗಿನ ಕಪ್ಪು ಕಂದು ಮರ ಎಷ್ಟೋ ಗಿಟಾರುಗಳಲ್ಲಿ ನಮ್ಮದೇ ಬೀಟೆ, ಅಂದರೆ ಭಾರತದ ರೋಸ್‌ವುಡ್. ಮೊದಲು ಬ್ರೆಜಿಲ್‌ನ ರೋಸ್‌ವುಡ್‌ಗೆ ಬೆಲೆ ಇತ್ತು. ಅಲ್ಲಿಂದ ದಿಮ್ಮಿ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ರೋಸ್‌ವುಡ್‌ಗೆ ಬದಲಾಯಿತು, ಉಳಿದವರೂ ಬಂದರು. ಪಶ್ಚಿಮ ಘಟ್ಟದ ಮರ ಅದು. 2017ರಲ್ಲಿ ಬೀಟೆಯ ಜಾತಿಯ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಪಟ್ಟಿಗೆ ಸೇರಿ, ಗಿಟಾರ್ ಹೊತ್ತು ಗಡಿ ದಾಟುವವರಿಗೂ ತಲೆನೋವಾಯಿತು. 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಈ ಮರಕ್ಕೆ ವರ್ಷಕ್ಕೆ ಒಂದೆರಡು ಸಲ, ತಂತಿ ಬದಲಿಸುವಾಗ, ನಾಲ್ಕು ಹನಿ ಮಿನರಲ್ ಆಯಿಲ್ ಸವರಿ ಒರೆಸಿದರೆ ಸಾಕು. ಕೊಬ್ಬರಿ ಎಣ್ಣೆ ಬೇಡ. ದಿನ ಕಳೆದರೆ ಅದು ಕಮಟುತ್ತದೆ.

ಕೆಲಸ ಮಾಡುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿ. ತಾರೀಖು, ತೇವಾಂಶ, ನೆಕ್ಕಿನ ಅಂತರ, 12ನೆಯ ಫ್ರೆಟ್‌ನ ಎರಡು ಅಳತೆ. ಐದು ಸಂಖ್ಯೆ ಅಷ್ಟೇ. ಆ ನೋಟ್‌ಬುಕ್ಕಿನಿಂದಲೇ ನನ್ನ ಹಳೆಯ ತಪ್ಪಿಗೂ ಒಂದು ದಾರಿ ಸಿಕ್ಕಿತು. ಮಾರ್ಚ್‌ನಲ್ಲಿ ಹೊಸ ಮೂಳೆಯ ಪಟ್ಟಿ ತಂದು, ತಿಕ್ಕಿ, ಎತ್ತರದ ಹೊಸ ಸ್ಯಾಡಲ್ ಮಾಡಿ ಹಾಕಿದ್ದೆ. ಝರ್ ಸದ್ದು ನಿಂತಿತು. ಜುಲೈನಲ್ಲಿ ಗಿಟಾರ್ ಹೊತ್ತು ಊರಿಗೆ ಹೋದೆ. ಎರಡನೆಯ ವಾರಕ್ಕೆ ತಂತಿಗಳು ಮತ್ತೆ ಮೇಲೆ ಹೋದವು, 3.1 ಮಿ.ಮೀ. ನೋಟ್‌ಬುಕ್ಕಿನ ಹಳೆಯ ಪುಟ ತಿರುಗಿಸಿ ನೋಡಿದೆ. ಅಂದು ತಿಕ್ಕಿ ಕೆಡಿಸಿದ ಸ್ಯಾಡಲ್ ಹಾಕಿದಾಗ, ಅದೇ ಮನೆ, ಅದೇ ಮಳೆ, 2.4 ಇತ್ತು. ಪುಣ್ಯಕ್ಕೆ ಅದನ್ನು ಬಿಸಾಡಿರಲಿಲ್ಲ, ಕೇಸಿನ ಜೇಬಿನಲ್ಲೇ ಇತ್ತು. ಹಾಕಿದೆ, ಸರಿಯಾಗಿ ಕೂತಿತು. ಈಗ ಎರಡು ಸ್ಯಾಡಲ್‌ಗಳ ತಳದಲ್ಲೂ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ. ಒಂದರ ಮೇಲೆ 'ಮಳೆ', ಇನ್ನೊಂದರ ಮೇಲೆ 'ಬೇಸಿಗೆ'.